ಸೆಲ್ಫ್ ತಿರುಗುತ್ತೆ, ಗಾಡಿ ಏಳಲ್ಲ: ಹಳೆ ಸ್ಪೋರ್ಟ್ಸ್ ಕಾರಿನ ರೋಗ ಹುಡುಕುವ ಬಗೆ

ಜಮಖಂಡಿ, ಮುಧೋಳ, ಬೀಳಗಿ, ರಬಕವಿ-ಬನಹಟ್ಟಿ ಅಂದರೆ ನಮ್ಮ ಕರಾವಳಿಯವರಿಗೆ ನೆನಪಾಗುವುದು ಕಬ್ಬು, ಬೆಲ್ಲ, ಸೀರೆ ಮತ್ತು ಮುಧೋಳ ನಾಯಿ. ಇಲ್ಲಿ ಬೀದಿಗಿಳಿದರೆ ಕಬ್ಬಿನ ಟ್ರ್ಯಾಕ್ಟರ್‌ಗಳ ಸಾಲು, ಓಣಿಗೆ ಹೊಕ್ಕರೆ ಪವರ್‌ಲೂಮಿನ ಸದ್ದು. ಆದರೆ ಹಳೆ ವಾಡೆಗಳ ಹಿಂದಿನ ಶೆಡ್ಡಿನಲ್ಲಿ, ಗೋದಾಮಿನ ಮೂಲೆಯಲ್ಲಿ ತಾಡಪಾಲು ಹೊದ್ದು ಮಲಗಿದ ಹಳೆ ಕಾರುಗಳೂ ಅಲ್ಲೊಂದು ಇಲ್ಲೊಂದು ಕಣ್ಣಿಗೆ ಬೀಳುತ್ತವೆ. ಯಾರದು ಅಂತ ಕೇಳಿದರೆ ಉತ್ತರ ಹೆಚ್ಚುಕಮ್ಮಿ ಒಂದೇ: "ಅಪ್ಪಾರ ಗಾಡಿ ರೀ. ಮಾರಂಗಿಲ್ಲ. ಆದ್ರ ಚಾಲೂನೂ ಆಗವಲ್ದು."

ಮನೆಯಲ್ಲಿ ಮದುವೆ ಬಂದಾಗಲೋ, ಗಲ್ಫಿನಿಂದ ಮಗ ರಜೆಗೆ ಬಂದಾಗಲೋ ಅದನ್ನು ಎಬ್ಬಿಸುವ ಆಸೆ ಹುಟ್ಟುತ್ತದೆ. ಅಲ್ಲಿಂದಲೇ ಅಪಾಯವೂ ಶುರು. ನಿಂತು ಹೋದ ಗಾಡಿಗೆ ಕೇಡು ಬಗೆಯುವುದು ತುಕ್ಕಿಗಿಂತ ಹೆಚ್ಚಾಗಿ ಆ ಒಂದು ದಿನದ ಅವಸರ. ಅದಕ್ಕೇ ಈ ವಾರ ನಾವು ಇಲ್ಲಿನ ಹಳೆ ಮಿಸ್ತ್ರಿಗಳ ಜೊತೆ ಕೂತು ತಿಳಿದದ್ದನ್ನು ಓದುಗರ ಮುಂದೆ ಇಡುತ್ತಿದ್ದೇವೆ.

ಯಾವ ಗಾಡಿ ಇದು?

ಸ್ಪೋರ್ಟ್ಸ್ ಕಾರು ಅಂದ ಕೂಡಲೇ ಫೆರಾರಿ ನೆನೆಯಬೇಕಿಲ್ಲ. ಮದ್ರಾಸಿನ ಸ್ಟ್ಯಾಂಡರ್ಡ್ ಕಂಪನಿ 1961ರಿಂದ ಹೆರಾಲ್ಡ್ ಕಾರನ್ನು ಇಲ್ಲಿ ತಯಾರಿಸಿತು. ಇಂಗ್ಲೆಂಡಿನ ಟ್ರಯಂಫ್ ಹೆರಾಲ್ಡ್‌ನ ಭಾರತದ ರೂಪ ಅದು. ಅದೇ ಹೆರಾಲ್ಡ್‌ನ ಚಾಸಿಯನ್ನು ಗಿಡ್ಡ ಮಾಡಿ 1962ರಲ್ಲಿ ಟ್ರಯಂಫ್ ಸ್ಪಿಟ್‌ಫೈರ್ ಎಂಬ ಎರಡು ಸೀಟಿನ ಸ್ಪೋರ್ಟ್ಸ್ ಕಾರು ಮಾಡಿದರು. ಎರಡನ್ನೂ ವಿನ್ಯಾಸ ಮಾಡಿದವರು ಇಟಲಿಯ ಮಿಕೆಲೊಟ್ಟಿ. ಎಂಜಿನ್ ಕುಟುಂಬವೂ ಒಂದೇ, ಇಡೀ ಮುಂಭಾಗ ಬಾನೆಟ್ ಆಗಿ ಮುಂದಕ್ಕೆ ಮಗುಚುವ ರೀತಿಯೂ ಒಂದೇ. ಹಾಗಾಗಿ ಹೆರಾಲ್ಡ್ ಬಿಚ್ಚಿ ಕಟ್ಟಿದ ಮಿಸ್ತ್ರಿಗೆ ಸ್ಪಿಟ್‌ಫೈರ್ ಹೊಸತಲ್ಲ.

ನಮ್ಮ ಬೆಂಗಳೂರಿನ ಪಾಲೂ ಇದೆ. 1980ರ ದಶಕದಲ್ಲಿ ಸಿಪಾನಿ ಕಂಪನಿಯ ಡಾಲ್ಫಿನ್ ಬಂತು. ಫೈಬರ್ ಬಾಡಿ, 848 ಸಿಸಿ ಎಂಜಿನ್, ತೂಕ ಕಮ್ಮಿ. ಮನೆ ಮಂದಿಯ ಕಾರಾದರೂ ರ‍್ಯಾಲಿ, ರೇಸುಗಳಲ್ಲಿ ಓಡಿ ಹೆಸರು ಮಾಡಿತು. 1990ರ ದಶಕದ ಕೊನೆಗೆ ಸ್ಯಾನ್ ಸ್ಟಾರ್ಮ್ ಬಂತು. ಎರಡೇ ಸೀಟು, ಮೇಲ್ಛಾವಣಿ ತೆರೆಯುವ ಫೈಬರ್ ಬಾಡಿ, ಒಳಗೆ ರೆನೋ ಕಂಪನಿಯ 1149 ಸಿಸಿ ಎಂಜಿನ್. ಭಾರತದಲ್ಲೇ ತಯಾರಾದ ಸ್ಪೋರ್ಟ್ಸ್ ಕಾರು ಅಂತ ಕರೆಸಿಕೊಂಡ ಕೆಲವೇ ಗಾಡಿಗಳಲ್ಲಿ ಅದೂ ಒಂದು.

ಕೀಲಿ ತಿರುಗಿಸುವ ಮೊದಲು

ವರ್ಷಗಟ್ಟಲೆ ನಿಂತ ಎಂಜಿನ್‌ಗೆ ನೇರ ಸೆಲ್ಫ್ ಹೊಡೆಯಬಾರದು. ಸಿಲಿಂಡರಿನ ಗೋಡೆಯಲ್ಲಿ ಎಣ್ಣೆ ಒಣಗಿ, ಪಿಸ್ಟನ್ನಿನ ರಿಂಗುಗಳು ಅಂಟಿಕೊಂಡಿರುತ್ತವೆ. ಒತ್ತಾಯ ಮಾಡಿದರೆ ರಿಂಗ್ ಮುರಿಯುತ್ತದೆ. ಹಾಗಾಗಿ ಮೊದಲು ಪ್ಲಗ್ ನಾಲ್ಕೂ ಬಿಚ್ಚಿ, ಪ್ರತಿ ತೂತಿಗೆ ಒಂದೊಂದು ಚಮಚ ಎಂಜಿನ್ ಆಯಿಲ್ ಹಾಕಿ ಒಂದು ರಾತ್ರಿ ಬಿಡಬೇಕು. ಮರುದಿನ ಟಾಪ್ ಗೇರಿಗೆ ಹಾಕಿ ಗಾಡಿಯನ್ನು ಮೆಲ್ಲ ದೂಡಿ ನೋಡಿ. ಎಂಜಿನ್ ಸಲೀಸಾಗಿ ತಿರುಗಿದರೆ ಮುಂದಿನ ಮಾತು. ತಿರುಗದಿದ್ದರೆ ಮತ್ತೆ ಎಣ್ಣೆ, ಮತ್ತೆ ಕಾಯುವುದು, ಅಷ್ಟೇ.

ಇಲ್ಲಿ ಇನ್ನೊಂದು ಮಾತು. 2019ರ ಆಗಸ್ಟ್‌ನಲ್ಲಿ ಕೃಷ್ಣೆ, ಘಟಪ್ರಭೆ ಎರಡೂ ಉಕ್ಕಿ ಜಮಖಂಡಿ, ಮುಧೋಳ ತಾಲೂಕಿನ ಎಷ್ಟೋ ಮನೆಗಳಿಗೆ ನೀರು ನುಗ್ಗಿತು. ಅಂಥ ನೀರಿನಲ್ಲಿ ನಿಂತ ಗಾಡಿಯ ಸಿಲಿಂಡರಿನೊಳಗೆ ನೀರಿದ್ದರೆ, ನೀರು ಗಾಳಿಯ ಹಾಗೆ ಕುಗ್ಗುವುದಿಲ್ಲ. ಸೆಲ್ಫ್ ಹೊಡೆದ ಕೂಡಲೇ ಕನೆಕ್ಟಿಂಗ್ ರಾಡ್ ಬಾಗುತ್ತದೆ. ಪ್ಲಗ್ ಬಿಚ್ಚದೆ, ಆಯಿಲ್ ಬದಲಿಸದೆ ಅಂಥ ಗಾಡಿಯ ಕೀಲಿ ಮುಟ್ಟಲೇಬೇಡಿ. ಎಂಜಿನ್ ಆಯಿಲ್ ಹಾಲು ಹಾಕಿದ ಚಹಾದ ಬಣ್ಣಕ್ಕೆ ತಿರುಗಿದ್ದರೆ ಒಳಗೆ ನೀರಿದೆ ಅಂತಲೇ ಅರ್ಥ.

ಸ್ಯಾನ್ ಸ್ಟಾರ್ಮ್‌ನಂಥ ಗಾಡಿಯಲ್ಲಿ ಟೈಮಿಂಗ್ ಬೆಲ್ಟ್ ಇರುತ್ತದೆ. ಅದು ರಬ್ಬರು. ಓಡದೆ ನಿಂತರೂ ಅದರ ಆಯುಸ್ಸು ಮುಗಿಯುತ್ತದೆ. ಅದನ್ನು ಬದಲಿಸಿಯೇ ಎಂಜಿನ್ ಚಾಲೂ ಮಾಡುವುದು ಕ್ಷೇಮ.

ಸದ್ದು ಕೇಳಿ ರೋಗ ಹೇಳುವುದು

ಇಲ್ಲಿನ ಮಿಸ್ತ್ರಿಗಳು ಮೊದಲು ಕೈ ಹಾಕುವುದಿಲ್ಲ, ಕಿವಿ ಕೊಡುತ್ತಾರೆ. ಕೀಲಿ ತಿರುಗಿಸಿದಾಗ ನಾಲ್ಕು ಥರ ಆಗಬಹುದು.

ಒಂದು, ಸದ್ದೇ ಇಲ್ಲ. ಎರಡು, ಟಕ್ ಟಕ್ ಅಂತ ಮಾತ್ರ ಸದ್ದು. ಮೂರು, ಸೆಲ್ಫ್ ನರಳುತ್ತಾ ತಿರುಗುತ್ತದೆ. ಈ ಮೂರೂ ಕರೆಂಟಿನ ರೋಗ. ನಾಲ್ಕನೆಯದು, ಸೆಲ್ಫ್ ಜೋರಾಗಿ ತಿರುಗುತ್ತದೆ, ಆದರೆ ಎಂಜಿನ್ ಹತ್ತಿಕೊಳ್ಳುವುದಿಲ್ಲ. ಆಗ ಬ್ಯಾಟರಿಯನ್ನು ಬೈದು ಫಲವಿಲ್ಲ, ಕಿಡಿ ಅಥವಾ ಪೆಟ್ರೋಲ್ ಹುಡುಕಬೇಕು.

ಕರೆಂಟಿನ ರೋಗಕ್ಕೆ ಸುಲಭದ ಪರೀಕ್ಷೆ ಹೆಡ್‌ಲೈಟು. ಲೈಟು ಹಚ್ಚಿ ಸೆಲ್ಫ್ ಹೊಡೆಯಿರಿ. ಲೈಟು ಪೂರ್ತಿ ಮಂಕಾದರೆ ಬ್ಯಾಟರಿ ಸತ್ತಿದೆ, ಇಲ್ಲಾಂದ್ರೆ ಟರ್ಮಿನಲ್ಲಿನಲ್ಲಿ ಹಿಡಿತ ಇಲ್ಲ. ಲೈಟು ಹಾಗೇ ಉರಿದು ಸೆಲ್ಫ್ ಮಾತ್ರ ಸುಮ್ಮನಿದ್ದರೆ ಸೊಲೆನಾಯ್ಡ್ ಅಥವಾ ಸೆಲ್ಫ್ ಮೋಟಾರಿನ ದೋಷ. ಮೀಟರ್ ಇದ್ದವರು ಅಳೆದು ನೋಡಬಹುದು. ಪೂರ್ತಿ ಚಾರ್ಜ್ ಆದ ಬ್ಯಾಟರಿ 12.6 ವೋಲ್ಟ್ ತೋರಿಸಬೇಕು. 12ರ ಹತ್ತಿರ ಇದ್ದರೆ ಅದು ಹೆಚ್ಚುಕಮ್ಮಿ ಖಾಲಿ. ಟರ್ಮಿನಲ್ಲಿಗೆ ಹಸಿರು-ಬಿಳಿ ಪುಡಿ ಕಟ್ಟಿದ್ದರೆ ಬಿಸಿನೀರಿಗೆ ಅಡುಗೆ ಸೋಡಾ ಹಾಕಿ ತೊಳೆದು ಒರೆಸಿ. ಹಳೆ ಬ್ರಿಟಿಷ್ ಗಾಡಿಗಳಲ್ಲಿ ಪಾಸಿಟಿವ್ ಅರ್ತ್ ಇರುವುದೂ ಉಂಟು. ಬ್ಯಾಟರಿ ಕೂರಿಸುವ ಮೊದಲು ಯಾವ ವೈರು ಚಾಸಿಗೆ ಹೋಗಿದೆ ಅಂತ ನೋಡಿಕೊಳ್ಳಿ.

ಹೆರಾಲ್ಡ್, ಸ್ಪಿಟ್‌ಫೈರ್‌ಗಳ ಹಳೆ ಸೆಲ್ಫ್ ಮೋಟಾರಿನಲ್ಲಿ ಹಲ್ಲುಚಕ್ರ ಒಮ್ಮೊಮ್ಮೆ ಫ್ಲೈವೀಲಿಗೆ ಕಚ್ಚಿಕೊಂಡು ಬಿಡುತ್ತದೆ. ಟಕ್ ಅಂದು ಮೌನ. ಮೋಟಾರಿನ ಹಿಂಬದಿಯಲ್ಲಿ ಚೌಕದ ತುದಿ ಒಂದಿರುತ್ತದೆ. ಸ್ಪ್ಯಾನರ್ ಹಿಡಿದು ತಿರುಗಿಸಿದರೆ ಬಿಡಿಸಿಕೊಳ್ಳುತ್ತದೆ. ಇದು ಗೊತ್ತಿಲ್ಲದೆ ಒಳ್ಳೆಯ ಮೋಟಾರನ್ನು ಗುಜರಿಗೆ ಹಾಕಿದವರಿದ್ದಾರೆ. ಮೋಟಾರೇ ಸುಟ್ಟಿದ್ದರೂ ಎದೆಗುಂದಬೇಕಿಲ್ಲ. ಮಗ್ಗದ ಊರುಗಳಲ್ಲಿ ಮೋಟಾರು ರಿವೈಂಡಿಂಗ್ ಬಲ್ಲವರಿಗೆ ಬರವಿಲ್ಲ.

ಕಾಣದ ವೈರು

ಎಂಜಿನ್ ರಬ್ಬರ್ ಮೌಂಟಿನ ಮೇಲೆ ಕೂತಿರುತ್ತದೆ. ಅದರಿಂದ ಚಾಸಿಗೆ ಒಂದು ಹೆಣೆದ ಅರ್ತ್ ಪಟ್ಟಿ ಇರಲೇಬೇಕು. ಅದು ತುಂಡಾದರೆ ಸೆಲ್ಫಿನ ಅಷ್ಟೂ ಕರೆಂಟು ಚೋಕ್ ಕೇಬಲ್ಲೋ ಆಕ್ಸಿಲರೇಟರ್ ಕೇಬಲ್ಲೋ ಹಿಡಿದು ಹೋಗಲು ನೋಡುತ್ತದೆ. ಸೆಲ್ಫ್ ಹೊಡೆದಾಗ ಚೋಕ್ ಕೇಬಲ್ ಬಿಸಿಯಾದರೆ ಮೊದಲು ನೋಡಬೇಕಾದದ್ದು ಅರ್ತ್ ಪಟ್ಟಿಯನ್ನು.

ಡಾಲ್ಫಿನ್, ಸ್ಟಾರ್ಮ್‌ಗಳಲ್ಲಿ ಈ ತೊಂದರೆ ಇನ್ನೂ ಹೆಚ್ಚು. ಫೈಬರಿನಲ್ಲಿ ಕರೆಂಟು ಹರಿಯುವುದಿಲ್ಲ. ಹಾಗಾಗಿ ಪ್ರತಿ ಲೈಟಿಗೂ, ಪಂಪಿಗೂ ಬೇರೆ ಅರ್ತ್ ವೈರು ಎಳೆದಿರುತ್ತಾರೆ. ಅದರ ಒಂದು ಬೋಲ್ಟ್ ತುಕ್ಕು ಹಿಡಿದರೂ ಸಾಕು. ನಮ್ಮ ಮಂಗಳೂರು ಕಡೆ ಉಪ್ಪುಗಾಳಿ ಆ ಬೋಲ್ಟನ್ನು ತಿನ್ನುತ್ತದೆ. ಇಲ್ಲಿ ಎರೆಮಣ್ಣಿನ ಧೂಳು ಕೂತುಕೊಳ್ಳುತ್ತದೆ, ವೈರನ್ನು ಇಲಿ ತಿನ್ನುತ್ತದೆ. ಕಾಳಿನ ಗೋದಾಮಿನ ಪಕ್ಕ ನಿಂತ ಕಾರಾದರೆ ಇಲಿ ಕಡಿದ ವೈರು ಹುಡುಕುವುದೇ ಮೊದಲ ಕೆಲಸ.

ಕಿಡಿ ಇದೆಯಾ?

ಸೆಲ್ಫ್ ಸರಿ ಇದೆ, ಎಂಜಿನ್ ಹತ್ತುತ್ತಿಲ್ಲ ಅಂದರೆ ಒಂದು ಪ್ಲಗ್ ಬಿಚ್ಚಿ, ಅದರ ವೈರಿಗೇ ಸಿಕ್ಕಿಸಿ, ಎಂಜಿನ್ನಿನ ಲೋಹಕ್ಕೆ ತಾಗಿಸಿ ಸೆಲ್ಫ್ ಹೊಡೆದು ನೋಡುತ್ತಾರೆ. ಪ್ಲಗ್ ಹಿಡಿಯುವುದು ರಬ್ಬರ್ ಹಿಡಿಯ ಇಕ್ಕಳದಲ್ಲಿ, ಬರಿಗೈಯಲ್ಲಿ ಅಲ್ಲ. ಹತ್ತಿರದಲ್ಲಿ ಪೆಟ್ರೋಲಿನ ವಾಸನೆಯೂ ಇರಬಾರದು. ನೀಲಿ ಕಿಡಿ ಚಟ್ ಅಂತ ಹಾರಿದರೆ ಸರಿ. ಹಳದಿ ಕಿಡಿ ಅಂದರೆ ದುರ್ಬಲ.

ಕಿಡಿಯೇ ಇಲ್ಲದಿದ್ದರೆ ಡಿಸ್ಟ್ರಿಬ್ಯೂಟರಿನ ಮುಚ್ಚಳ ತೆಗೆಯಿರಿ. ನಿಂತ ಗಾಡಿಯಲ್ಲಿ ಪಾಯಿಂಟಿನ ಮೇಲೆ ತೆಳ್ಳಗೆ ಪೊರೆ ಕಟ್ಟಿರುತ್ತದೆ. ನುಣುಪು ಎಮೆರಿ ಪೇಪರಿನಲ್ಲಿ ಎರಡು ಸಲ ಉಜ್ಜಿದರೆ ಎಷ್ಟೋ ಸಲ ಅಲ್ಲಿಗೇ ರೋಗ ಮುಗಿಯುತ್ತದೆ. ಈ ಗಾಡಿಗಳಲ್ಲಿ ಪಾಯಿಂಟಿನ ಅಂತರ ಸುಮಾರು 0.4 ಮಿ.ಮೀ., ಪ್ಲಗ್ಗಿನ ಅಂತರ ಸುಮಾರು 0.6 ಮಿ.ಮೀ. ಮುಚ್ಚಳದೊಳಗೆ ಕೂದಲೆಳೆಯ ಬಿರುಕಿದೆಯಾ, ರೋಟರ್ ಸರಿ ಇದೆಯಾ ನೋಡಿ. ಪ್ಲಗ್ ವೈರು ಅದಲುಬದಲಾದರೂ ಗಾಡಿ ಏಳದು. ಹೆರಾಲ್ಡ್, ಸ್ಪಿಟ್‌ಫೈರ್‌ಗಳಲ್ಲಿ ಕಿಡಿಯ ಸರದಿ 1-3-4-2.

ಇಲ್ಲಿನ ಕಬ್ಬು, ಟ್ಯಾಂಕಿನ ನೀರು

ಇನ್ನು ಪೆಟ್ರೋಲ್. ಇಲ್ಲಿ ಕತೆ ನೇರ ಈ ನೆಲಕ್ಕೇ ಬಂದು ಸೇರುತ್ತದೆ. ಮುಧೋಳ ಸೀಮೆಯ ಕಬ್ಬು ಸಕ್ಕರೆಯಾಗಿ ಮಾತ್ರ ಹೊರಗೆ ಹೋಗುತ್ತಿಲ್ಲ. ಮಹಾಲಿಂಗಪುರದ ಹತ್ತಿರದ ಸಮೀರವಾಡಿಯಂಥ ಕಡೆ ಅದರಿಂದ ಎಥನಾಲ್ ಆಗುತ್ತದೆ. 2023ರ ಫೆಬ್ರವರಿಯಲ್ಲಿ ಬೆಂಗಳೂರಿನಲ್ಲಿ ನಡೆದ ಸಮಾವೇಶದಲ್ಲಿ ಶೇ. 20 ಎಥನಾಲ್ ಬೆರೆಸಿದ ಪೆಟ್ರೋಲಿಗೆ ಪ್ರಧಾನಿ ಚಾಲನೆ ಕೊಟ್ಟರು. ರೈತನಿಗೆ ಅದು ಒಳ್ಳೆಯದೇ. ಆದರೆ ಹೆರಾಲ್ಡ್, ಡಾಲ್ಫಿನ್ ಕಾಲದ ರಬ್ಬರ್ ಪೈಪು, ಪಂಪಿನ ಡಯಾಫ್ರಂ ಆ ಪೆಟ್ರೋಲಿಗೆ ಮಾಡಿದ್ದಲ್ಲ. ಉಬ್ಬುತ್ತವೆ, ಮೆತ್ತಗಾಗುತ್ತವೆ, ಸೋರುತ್ತವೆ.

ಎಥನಾಲಿಗೆ ಗಾಳಿಯ ತೇವ ಹೀರುವ ಗುಣ ಬೇರೆ. ತಿಂಗಳುಗಟ್ಟಲೆ ನಿಂತ ಟ್ಯಾಂಕಿನಲ್ಲಿ ನೀರು ಜಾಸ್ತಿಯಾದಾಗ ನೀರು-ಎಥನಾಲ್ ಒಟ್ಟಾಗಿ ಪೆಟ್ರೋಲಿನಿಂದ ಬೇರೆಯಾಗಿ ತಳಕ್ಕೆ ಇಳಿಯುತ್ತದೆ. ಪಂಪು ಎಳೆಯುವುದು ತಳದಿಂದಲೇ. ಟ್ಯಾಂಕು ತುಂಬ ಪೆಟ್ರೋಲ್ ಇದ್ದರೂ ಎಂಜಿನ್ನಿಗೆ ಹೋಗುವುದು ನೀರು.

ಜಮಖಂಡಿಯ ಒಂದು ಮನೆಯಲ್ಲಿ ನಾವು ಕಂಡದ್ದು ಇದನ್ನೇ. ತಂದೆ ಬಿಟ್ಟುಹೋದ ಹೆರಾಲ್ಡ್. ಮಗಳ ಮದುವೆಗೆ ಹತ್ತು ದಿನ. ಗುಜರಿಯವ ತೂಕದ ಲೆಕ್ಕದಲ್ಲಿ ರೇಟು ಹೇಳಿ ಹೋಗಿದ್ದ. ಮದುವೆ ಖರ್ಚಿಗಾದರೂ ಆಗಲಿ ಅಂತ ಮನೆಯವರು ಅರ್ಧ ಮನಸ್ಸು ಮಾಡಿದ್ದರು. ಮಗ ಬಾಟಲಿಯಲ್ಲಿ ಪೆಟ್ರೋಲ್ ತಂದು ಕಾರ್ಬುರೇಟರಿನ ಬಾಯಿಗೆ ಸುರಿದು ಸೆಲ್ಫ್ ಹೊಡೆಯಲು ಹೊರಟಿದ್ದ. ಪಂಪ್‌ಸೆಟ್ ಎಂಜಿನ್ನುಗಳಲ್ಲೇ ಕೈ ಪಳಗಿದ ವಯಸ್ಸಾದ ಮಿಸ್ತ್ರಿ ಕೈ ಹಿಡಿದು ನಿಲ್ಲಿಸಿದರು.

"ಚಾಚಾ, ಒಂದ್ ಗುಟುಕು ಹಾಕಿದ್ರ ಏಳತೈತ್ರಿ."

"ಏಳತೈತಿ ತಮ್ಮಾ. ಗಾಡಿ ಅಲ್ಲ, ಬೆಂಕಿ. ಬಾಟ್ಲಿ ಹೊರಗ ಇಟ್ಟ ಬಾ."

ಅವರು ಹೇಳಿದ್ದು ನಿಜ. ವಾಲ್ವ್ ತೆರೆದಿರುವಾಗ ಕಿಡಿ ಹತ್ತಿದರೆ ಜ್ವಾಲೆ ಹಿಂದಕ್ಕೆ, ಕಾರ್ಬುರೇಟರಿನ ಬಾಯಿಂದ ಹೊರಗೆ ಬರುತ್ತದೆ. ಕೈಯಲ್ಲಿ ತೆರೆದ ಬಾಟಲಿ ಇದ್ದರೆ ಮುಂದಿನದು ಹೇಳಬೇಕಿಲ್ಲ. ಅವರು ಟ್ಯಾಂಕಿನ ತಳದ ಪೆಟ್ರೋಲನ್ನು ಗಾಜಿನ ಶೀಶೆಗೆ ಬಿಟ್ಟು ತೋರಿಸಿದರು. ಕೆಳಗೆ ಒಂದು ಪದರ, ಮೇಲೆ ಒಂದು ಪದರ. ಟ್ಯಾಂಕು ಖಾಲಿ ಮಾಡಿ ತೊಳೆದು, ಹೊಸ ಪೈಪು ಹಾಕಿ, ಕಾರ್ಬುರೇಟರಿನ ಜೆಟ್ ಊದಿ, ಫ್ಲೋಟಿನ ಸೂಜಿ ಬಿಡಿಸಿ, ಪಂಪಿನ ಕೆಳಗಿನ ಸಣ್ಣ ಹಿಡಿಯನ್ನು ಕೈಯಲ್ಲೇ ಒತ್ತಿ ಪೆಟ್ರೋಲ್ ಏರಿಸಿದರು. ಮೂರು ದಿನದ ಕೆಲಸ. ನಾಲ್ಕನೇ ದಿನ ಚೋಕ್ ಎಳೆದು ಹೊಡೆದ ಎರಡನೇ ಸೆಲ್ಫಿಗೆ ಎಂಜಿನ್ ಹತ್ತಿತು. ಆದರೂ ಮದುವೆಯ ದಿನ ಆ ಕಾರು ರಸ್ತೆಗೆ ಇಳಿಯಲಿಲ್ಲ. ಬ್ರೇಕು ಹಿಡಿಯುತ್ತಿರಲಿಲ್ಲ, ಮಿಸ್ತ್ರಿ ಬಿಡಲಿಲ್ಲ. ಅಂಗಳದಲ್ಲಿ ಹೂವು ಮುಡಿದು ನಿಂತಿತು, ಅಷ್ಟೇ. ಗುಜರಿಯವನಿಗೆ ಮಾತ್ರ ಕೊಡಲಿಲ್ಲ.

ಎದ್ದ ಮೇಲೆ

ಗಾಡಿ ಚಾಲೂ ಆದ ಸಂತೋಷದಲ್ಲಿ ಶೆಡ್ಡಿನ ಬಾಗಿಲು ಮುಚ್ಚಿಕೊಂಡು ಎಂಜಿನ್ ಓಡಿಸಬೇಡಿ. ಹೊಗೆಯಲ್ಲಿರುವ ಕಾರ್ಬನ್ ಮೊನಾಕ್ಸೈಡಿಗೆ ಬಣ್ಣವಿಲ್ಲ, ವಾಸನೆಯಿಲ್ಲ. ತಲೆ ಸುತ್ತಿತು ಅನ್ನುವಷ್ಟರಲ್ಲಿ ಕಾಲಲ್ಲಿ ಬಲ ಇರುವುದಿಲ್ಲ. ಗಾಡಿಯನ್ನು ಬಯಲಿಗೆ ದೂಡಿಯೇ ಚಾಲೂ ಮಾಡಿ. ಪಕ್ಕದಲ್ಲಿ ಬೆಂಕಿ ಆರಿಸುವ ಸಿಲಿಂಡರ್, ಕನಿಷ್ಠ ಒಂದು ಬಕೆಟ್ ಒಣ ಮರಳಾದರೂ ಇರಲಿ. ಪೆಟ್ರೋಲ್ ಬೆಂಕಿಗೆ ನೀರು ಹಾಕಿದರೆ ಬೆಂಕಿ ಹರಡುತ್ತದೆ.

ಬ್ರೇಕ್ ಆಯಿಲ್ ಕೂಡ ತೇವ ಹೀರುತ್ತದೆ, ಸಿಲಿಂಡರ್ ತುಕ್ಕು ಹಿಡಿಯುತ್ತದೆ, ವಾಷರ್ ಗಟ್ಟಿಯಾಗುತ್ತದೆ. ಟೈರು ನೋಡಲು ಹೊಸದರಂತಿದ್ದರೂ ಬದಿಯಲ್ಲಿ ಸೀಳಿರಬಹುದು. ಎಂಜಿನ್ನಿಗೆ ಒಂದು ಪಾಲು ಖರ್ಚಾದರೆ ಇವಕ್ಕೆ ಎರಡು ಪಾಲು ಇಟ್ಟುಕೊಳ್ಳಿ.

ಕಾಗದಪತ್ರವೂ ಬೇಕು. ಖಾಸಗಿ ಕಾರಿನ ನೋಂದಣಿ 15 ವರ್ಷಕ್ಕೆ ಮುಗಿಯುತ್ತದೆ, ಆಮೇಲೆ ಐದೈದು ವರ್ಷಕ್ಕೆ ನವೀಕರಣ. 50 ವರ್ಷ ದಾಟಿದ, ಮೂಲ ರೂಪ ಕೆಡದ ಗಾಡಿಗೆ 2021ರ ಕೇಂದ್ರದ ನಿಯಮದಂತೆ ವಿಂಟೇಜ್ ನೋಂದಣಿ ಸಿಗುತ್ತದೆ. ಶುಲ್ಕ 20,000 ರೂಪಾಯಿ, ಅವಧಿ 10 ವರ್ಷ, ಮತ್ತೆ ಮಾಡಿಸಲು 5,000. ನಂಬರಿನಲ್ಲಿ 'ವಿಎ' ಅಕ್ಷರ ಬರುತ್ತದೆ. ಅಂಥ ಗಾಡಿಯನ್ನು ದಿನನಿತ್ಯ ಓಡಿಸುವಂತಿಲ್ಲ. ಪ್ರದರ್ಶನ, ರ‍್ಯಾಲಿ, ರಿಪೇರಿ, ಪೆಟ್ರೋಲ್ ಹಾಕಿಸುವುದು, ಇಂಥವಕ್ಕೆ ಮಾತ್ರ ರಸ್ತೆಗೆ ತರಬಹುದು. ಹೆರಾಲ್ಡ್‌ಗೆ ಆ ವಯಸ್ಸು ಬಂದಿದೆ, ಡಾಲ್ಫಿನ್‌ಗೆ ಇನ್ನೂ ಇಲ್ಲ. ಕೆಎ-48ರ ಕಚೇರಿ ಜಮಖಂಡಿಯಲ್ಲೇ ಇದೆ. ಹಳೆ ಆರ್‌ಸಿ ಪುಸ್ತಕ ತಂದೆಯ ಹೆಸರಿನಲ್ಲೇ ಉಳಿದಿದ್ದರೆ ಮೊದಲು ವಾರಸುದಾರರ ಹೆಸರಿಗೆ ಮಾಡಿಸಿಕೊಳ್ಳಿ.

ಪಾಯಿಂಟ್ ಉಜ್ಜಲು, ಕಿವಿಯಿಂದಲೇ ಟೈಮಿಂಗ್ ಹಿಡಿಯಲು ಬಲ್ಲ ಮಿಸ್ತ್ರಿಗಳು ವರ್ಷ ವರ್ಷಕ್ಕೆ ಕಮ್ಮಿಯಾಗುತ್ತಿದ್ದಾರೆ. ಅವರಲ್ಲಿ ಒಬ್ಬರು ನಿಮ್ಮ ಊರಲ್ಲಿದ್ದರೆ ಮದುವೆಯ ತಾರೀಖು ಗೊತ್ತಾದ ಮೇಲೆ ಓಡಬೇಡಿ, ಈಗಲೇ ಕರೆಸಿ. ಮನೆಯ ಹುಡುಗ ಒಬ್ಬ ಅವರ ಪಕ್ಕ ಕೂತು ಸ್ಪ್ಯಾನರ್ ಕೊಡುತ್ತಾ ಕಲಿಯಲಿ. ಬ್ರೇಕು ಸರಿಯಾಗುವವರೆಗೆ ಕಾರಿನ ಕೀಲಿ ಮಾತ್ರ ಆ ಹುಡುಗನ ಕೈಯಲ್ಲಿ ಬೇಡ, ಮನೆಯ ಹಿರಿಯರ ಹತ್ತಿರ ಇರಲಿ.