ಚಾಪೆಯೂ ಬೇಕು, ಚೀಟಿಯೂ ಬೇಕು

‘ರಿಪೋರ್ಟ್ ಎಲ್ಲ ನಾರ್ಮಲ್, ಆದರೂ ಮೈಗೆ ಆರಾಮಿಲ್ಲ’ ಎನ್ನುವವರು ಈಗ ಮನೆಗೊಬ್ಬರಾದರೂ ಸಿಗುತ್ತಾರೆ. ನಿದ್ದೆ ಹತ್ತುವುದಿಲ್ಲ, ಸೊಂಟ ಹಿಡಿದುಕೊಂಡಿರುತ್ತದೆ, ಉಂಡದ್ದು ಅರಗುವುದಿಲ್ಲ, ಸಣ್ಣ ಮಾತಿಗೂ ಎದೆ ಡವಡವ ಎನ್ನುತ್ತದೆ. ಸ್ಕ್ಯಾನಿಂಗಿಗೆ ಸಿಗದ ಈ ಅಸ್ವಾಸ್ಥ್ಯವೇ ಅವರನ್ನು ಯೋಗ ಶಿಬಿರಕ್ಕೋ ಪಂಚಕರ್ಮಕ್ಕೋ ಪ್ರಕೃತಿ ಚಿಕಿತ್ಸಾಲಯಕ್ಕೋ ಧ್ಯಾನ ಕೇಂದ್ರಕ್ಕೋ ಕರೆದೊಯ್ಯುತ್ತದೆ. ದೇಹ, ಮನಸ್ಸು, ಊಟ, ನಿದ್ದೆ ಎಲ್ಲವನ್ನೂ ಒಟ್ಟಿಗೆ ನೋಡುತ್ತೇವೆ ಎನ್ನುವ ಈ ಸಮಗ್ರ ಚಿಕಿತ್ಸಾ ಕ್ರಮಗಳ ಬಗ್ಗೆ ನಮ್ಮಲ್ಲಿ ನಡೆಯುವ ಚರ್ಚೆಗೆ ಎರಡೇ ದನಿ. ಒಂದು, ಇದೆಲ್ಲ ಬೂಟಾಟಿಕೆ. ಇನ್ನೊಂದು, ಇದರಿಂದ ವಾಸಿಯಾಗದ ರೋಗವೇ ಇಲ್ಲ. ಕಳೆದ ಕಾಲು ಶತಮಾನದ ಸಂಶೋಧನೆ ಇವೆರಡನ್ನೂ ಒಪ್ಪುವುದಿಲ್ಲ. ಈ ಕ್ರಮಗಳಿಗೆ ಶಕ್ತಿಯಿದೆ, ಅದನ್ನು ಅಳೆಯಲು ಬರುತ್ತದೆ. ಅವಕ್ಕೆ ಮಿತಿಯೂ ಇದೆ, ಅದನ್ನೂ ಅಳೆದು ನೋಡಿದ್ದಾರೆ. ಹಾಗಾಗಿ ಅವುಗಳ ಜಾಗ ವೈದ್ಯರ ಚಿಕಿತ್ಸೆಯ ಪಕ್ಕದಲ್ಲಿ. ಚಿಕಿತ್ಸೆಯ ಬದಲಿಗೆ ಅವನ್ನು ತಂದು ಕೂರಿಸಿದಾಗಲೇ ಅನಾಹುತ.

ಆರೋಗ್ಯವೆಂದರೆ ರೋಗವಿಲ್ಲದಿರುವುದಷ್ಟೇ ಅಲ್ಲ ಎಂಬ ತಿಳಿವಳಿಕೆ ಹೊಸದೇನಲ್ಲ. ದೋಷ, ಅಗ್ನಿ, ಧಾತುಗಳ ಸಮಸ್ಥಿತಿಯ ಜೊತೆಗೆ ಮನಸ್ಸು, ಇಂದ್ರಿಯಗಳ ಪ್ರಸನ್ನತೆಯನ್ನೂ ಸುಶ್ರುತ ಸಂಹಿತೆ ಸ್ವಸ್ಥನ ಲಕ್ಷಣವಾಗಿ ಹೇಳುತ್ತದೆ. 1948ರಲ್ಲಿ ಜಾರಿಗೆ ಬಂದ ವಿಶ್ವ ಆರೋಗ್ಯ ಸಂಸ್ಥೆಯ ಸಂವಿಧಾನವೂ ದೈಹಿಕ, ಮಾನಸಿಕ, ಸಾಮಾಜಿಕ ಕ್ಷೇಮ ಮೂರನ್ನೂ ಆರೋಗ್ಯದೊಳಗೆ ಸೇರಿಸಿತು. ಈ ಚರಿತ್ರೆಯಲ್ಲಿ ಕನ್ನಡ ನಾಡಿನ ಪಾಲು ದೊಡ್ಡದು. ನಾಲ್ವಡಿ ಕೃಷ್ಣರಾಜ ಒಡೆಯರ ಆಶ್ರಯದಲ್ಲಿ ತಿರುಮಲೈ ಕೃಷ್ಣಮಾಚಾರ್ಯರು ಮೈಸೂರಿನ ಜಗನ್ಮೋಹನ ಅರಮನೆಯಲ್ಲಿ ನಡೆಸಿದ ಯೋಗಶಾಲೆಯಿಂದಲೇ ಪಟ್ಟಾಭಿ ಜೋಯಿಸ್, ಬಿ.ಕೆ.ಎಸ್. ಅಯ್ಯಂಗಾರ್ ಅವರಂಥವರು ಹೊರಟು ಜಗತ್ತಿಗೆ ಆಸನ ಕಲಿಸಿದರು. ಅದೇ ಯೋಗವನ್ನು ರೋಗಿಗಳ ಮೇಲೆ ಶಾಸ್ತ್ರೀಯವಾಗಿ ಪರೀಕ್ಷಿಸಿ ನೋಡಿದ ಮುಖ್ಯ ಸಂಸ್ಥೆಗಳಲ್ಲಿ ಬೆಂಗಳೂರಿನ ನಿಮ್ಹಾನ್ಸ್ ಒಂದು.

ಉಸಿರಾಟದಿಂದಲೇ ಶುರು ಮಾಡಬಹುದು. ಏಕೆಂದರೆ ದೇಹದ ಸ್ವಯಂಚಾಲಿತ ಕೆಲಸಗಳಲ್ಲಿ ನಮ್ಮ ಇಚ್ಛೆಗೆ ಸುಲಭವಾಗಿ ಬಗ್ಗುವುದು ಅದೊಂದೇ. ಗುಂಡಿಗೆಯ ಬಡಿತಕ್ಕೆ ‘ನಿಧಾನ’ ಎಂದರೆ ಅದು ಕೇಳುವುದಿಲ್ಲ, ಉಸಿರು ಕೇಳುತ್ತದೆ. ಉಸಿರನ್ನು ಹಿಡಿದುಕೊಂಡರೆ ಗುಂಡಿಗೆಯೂ ಹಿಂದೆಯೇ ಬರುತ್ತದೆ. 2001ರಲ್ಲಿ ಬ್ರಿಟಿಷ್ ಮೆಡಿಕಲ್ ಜರ್ನಲ್‌ನಲ್ಲಿ ಪ್ರಕಟವಾದ ಅಧ್ಯಯನವೊಂದರಲ್ಲಿ 23 ಆರೋಗ್ಯವಂತರಿಂದ ಕ್ರೈಸ್ತರ ಜಪಮಾಲೆಯ ಲ್ಯಾಟಿನ್ ಪ್ರಾರ್ಥನೆಯನ್ನೂ ‘ಓಂ ಮಣಿ ಪದ್ಮೇ ಹುಂ’ ಮಂತ್ರವನ್ನೂ ಹೇಳಿಸಿದರು. ಎರಡರಲ್ಲೂ ಉಸಿರಾಟ ನಿಮಿಷಕ್ಕೆ ಸುಮಾರು 6ಕ್ಕೆ ಇಳಿಯಿತು, ರಕ್ತದೊತ್ತಡದ ಏರಿಳಿತವನ್ನು ಸರಿದೂಗಿಸುವ ನರಗಳ ಪ್ರತಿಕ್ರಿಯೆ ಚುರುಕಾಯಿತು. ಅಂದರೆ ಪ್ರಯೋಜನ ಬಂದದ್ದು ಎರಡಕ್ಕೂ ಸಮಾನವಾಗಿದ್ದ ಲಯದಿಂದ. ದೇವರ ಹೆಸರು ಯಾವುದಾದರೂ, ನಿಧಾನವಾದ ಉಸಿರು ದೇಹದ ಮೇಲೆ ಒಂದೇ ರೀತಿ ಕೆಲಸ ಮಾಡಿತು. ಪ್ರಾಣಾಯಾಮಕ್ಕೆ ಅದ್ಭುತದ ಹೊದಿಕೆ ಬೇಡವೆನ್ನಲು ಇಷ್ಟು ಸಾಕು.

ಮನಸ್ಸಿನ ಕಾಯಿಲೆಗಳ ಮಾತೇನು? ಇಲ್ಲಿ ನಿಮ್ಹಾನ್ಸ್‌ನ ಒಂದು ಅಧ್ಯಯನವನ್ನು ಗಮನವಿಟ್ಟು ನೋಡಬೇಕು. ತೀವ್ರ ಖಿನ್ನತೆಯಿಂದ ಆಸ್ಪತ್ರೆ ಸೇರಿದ 45 ಮಂದಿಯನ್ನು ಮೂರು ಗುಂಪು ಮಾಡಿ, ಒಂದಕ್ಕೆ ವಿದ್ಯುತ್ ಚಿಕಿತ್ಸೆ, ಇನ್ನೊಂದಕ್ಕೆ ಇಮಿಪ್ರಮಿನ್ ಮಾತ್ರೆ, ಮೂರನೆಯದಕ್ಕೆ ಸುದರ್ಶನ ಕ್ರಿಯೆಯ ಉಸಿರಾಟ ಕೊಟ್ಟರು. ನಾಲ್ಕು ವಾರಗಳ ಬಳಿಕ ಚೇತರಿಸಿಕೊಂಡವರು ಕ್ರಮವಾಗಿ ಶೇ 93, ಶೇ 73 ಮತ್ತು ಶೇ 67. 2000ದಲ್ಲಿ ಪ್ರಕಟವಾದ ಈ ಫಲಿತಾಂಶವನ್ನು ಯೋಗದ ಅಭಿಮಾನಿಗಳು ‘ಮಾತ್ರೆಗೆ ಸಮ’ ಎಂದು ಎತ್ತಿ ಹೇಳುತ್ತಾರೆ, ವಿದ್ಯುತ್ ಚಿಕಿತ್ಸೆ ಇವೆರಡಕ್ಕಿಂತ ಮುಂದಿತ್ತು ಎಂಬುದನ್ನು ಬಿಟ್ಟುಬಿಡುತ್ತಾರೆ. ಗುಂಪಿಗೆ 15 ಜನರಿದ್ದ ಸಣ್ಣ ಪ್ರಯೋಗವೆಂಬುದೂ ನೆನಪಿರಬೇಕು. ಅಮೆರಿಕದಲ್ಲಿ ಆತಂಕದ ಕಾಯಿಲೆಯಿದ್ದ 276 ಮಂದಿಯ ಮೇಲೆ ನಡೆದು 2022ರಲ್ಲಿ ಪ್ರಕಟವಾದ ಪ್ರಯೋಗದಲ್ಲಿ ಎಂಟು ವಾರಗಳ ಧ್ಯಾನ ತರಬೇತಿ, ಎಸಿಟಲೊಪ್ರಾಮ್ ಮಾತ್ರೆಗಿಂತ ಕಡಿಮೆಯೇನಲ್ಲ ಎಂದು ಕಂಡುಬಂತು. ಆದರೆ 47 ಪ್ರಯೋಗಗಳನ್ನು ಒಟ್ಟುಗೂಡಿಸಿ ನೋಡಿದ 2014ರ ವಿಮರ್ಶೆ ಹೇಳಿದ್ದು, ಆತಂಕ, ಖಿನ್ನತೆ, ನೋವುಗಳಿಗೆ ಧ್ಯಾನ ಸಾಧಾರಣ ಮಟ್ಟದ ಉಪಕಾರ ಮಾಡುತ್ತದೆ, ವ್ಯಾಯಾಮ ಅಥವಾ ಔಷಧಿಗಿಂತ ಹೆಚ್ಚಿನದು ಎನ್ನಲು ಆಧಾರವಿಲ್ಲ ಎಂದು. ಬೆನ್ನುನೋವಿನ ವಿಚಾರದಲ್ಲಿ ಚಿತ್ರ ಇನ್ನೂ ಸ್ಪಷ್ಟ: ಬಹುಕಾಲದ ಸೊಂಟನೋವಿಗೆ ಮಾತ್ರೆಗಿಂತ ಮೊದಲು ವ್ಯಾಯಾಮ, ಯೋಗ, ಧ್ಯಾನದಂಥವನ್ನು ಪ್ರಯತ್ನಿಸಿ ಎಂದು ಅಮೆರಿಕದ ವೈದ್ಯರ ಸಂಘಟನೆಯೊಂದು 2017ರಲ್ಲಿ ತನ್ನ ಮಾರ್ಗಸೂಚಿಯಲ್ಲೇ ಬರೆಯಿತು.

‘ಇದೆಲ್ಲ ನಂಬಿಕೆಯ ಫಲ, ಪ್ಲಾಸಿಬೊ ಅಷ್ಟೆ’ ಎಂಬುದು ವಿಚಾರವಂತರ ಮೊದಲ ಆಕ್ಷೇಪ. ಅದರಲ್ಲಿ ಹುರುಳಿದೆ, ಆದರೆ ಆ ‘ಅಷ್ಟೆ’ಯನ್ನು ಒಪ್ಪಲಾಗದು. ಹಾರ್ವರ್ಡ್‌ನ ಟೆಡ್ ಕಾಪ್ಚುಕ್ ತಂಡ 2008ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ ಕರುಳಿನ ಕಿರಿಕಿರಿಯ 262 ರೋಗಿಗಳಲ್ಲಿ ಕೆಲವರಿಗೆ ಸುಳ್ಳು ಅಕ್ಯುಪಂಕ್ಚರ್ ಮಾಡಿತು. ಸೂಜಿ ಚರ್ಮದೊಳಗೆ ಇಳಿಯಲೇ ಇಲ್ಲ. ಹೆಚ್ಚು ಮಾತಿಲ್ಲದೆ ಸೂಜಿ ಒತ್ತಿಸಿಕೊಂಡವರಲ್ಲಿ ಶೇ 44 ಮಂದಿಗೆ ಸಮಾಧಾನ ಸಿಕ್ಕರೆ, ಚಿಕಿತ್ಸಕರು ಕೂತು, ಕಷ್ಟಸುಖ ಕೇಳಿ, ಅಕ್ಕರೆಯಿಂದ ಮಾತಾಡಿಸಿದ ಗುಂಪಿನಲ್ಲಿ ಅದು ಶೇ 62ಕ್ಕೆ ಏರಿತು. ಬರೀ ಸರದಿಗಾಗಿ ಕಾದವರಲ್ಲಿ ಶೇ 28. ಈಗ ನಮ್ಮ ಕ್ಲಿನಿಕ್ಕುಗಳತ್ತ ನೋಡಿ. 2017ರ ಒಂದು ಜಾಗತಿಕ ಅಧ್ಯಯನದ ಪ್ರಕಾರ ವೈದ್ಯರು ರೋಗಿಯೊಬ್ಬರಿಗೆ ಕೊಡುವ ಸಮಯ ಸ್ವೀಡನ್ನಿನಲ್ಲಿ 22 ನಿಮಿಷಕ್ಕೂ ಹೆಚ್ಚು, ಭಾರತದಲ್ಲಿ ಸುಮಾರು 2 ನಿಮಿಷ. ಆಯುರ್ವೇದ ಪಂಡಿತರು ನಾಡಿ ಹಿಡಿದು ಅರ್ಧ ಗಂಟೆ ಊಟ, ನಿದ್ದೆ, ಮಲಶೋಧನೆ, ಮನೆಯ ಚಿಂತೆ ಎಲ್ಲ ವಿಚಾರಿಸಿದರೆ ರೋಗಿಗೆ ಅರ್ಧ ವಾಸಿಯಾದಂತೆ ಅನಿಸುವುದು ಭ್ರಮೆಯಲ್ಲ. ಆಸ್ಪತ್ರೆಗಳು ಈ ಕ್ರಮಗಳಿಂದ ಮೊದಲು ಕಲಿಯಬೇಕಾದದ್ದು ಯಾವ ಬೇರು, ಯಾವ ತೈಲ ಎಂಬುದಕ್ಕಿಂತ ಹೀಗೆ ಕೂತು ಕೇಳುವ ವ್ಯವಧಾನವನ್ನು.

ಎರಡನೆಯ ಆಕ್ಷೇಪ ಎದುರು ದಿಕ್ಕಿನದು: ಸಾವಿರಾರು ವರ್ಷ ಬಾಳಿದ ವಿದ್ಯೆಗೆ ನಿನ್ನೆ ಮೊನ್ನೆಯ ಪ್ರಯೋಗಶಾಲೆಯ ಸರ್ಟಿಫಿಕೇಟ್ ಏಕೆ? ಸರ್ಪಗಂಧದ ಕಥೆಯೇ ಇದಕ್ಕೆ ಉತ್ತರ. ಆ ಬೇರು ಉನ್ಮಾದಕ್ಕೂ ನಿದ್ರಾಹೀನತೆಗೂ ಆಗುತ್ತದೆಂದು ನಮ್ಮ ವೈದ್ಯರಿಗೆ ಬಹಳ ಹಿಂದಿನಿಂದ ಗೊತ್ತಿತ್ತು. ಬೊಂಬಾಯಿಯ ಡಾ. ರುಸ್ತುಂ ಜಾಲ್ ವಕೀಲ್ ಅದು ರಕ್ತದೊತ್ತಡವನ್ನು ಎಷ್ಟು ಇಳಿಸುತ್ತದೆಂದು ರೋಗಿಗಳಲ್ಲಿ ಅಳೆದು 1949ರಲ್ಲಿ ಪ್ರಕಟಿಸಿದ ಮೇಲೆ ಜಗತ್ತು ಅದನ್ನು ಕೈಗೆತ್ತಿಕೊಂಡಿತು. ಅದರಿಂದ ಬೇರ್ಪಡಿಸಿದ ರಿಸರ್ಪಿನ್ ಹಲವು ದೇಶಗಳಲ್ಲಿ ಮದ್ದಾಯಿತು. ಮುಂದೆ, ಹೆಚ್ಚು ಪ್ರಮಾಣದಲ್ಲಿ ತೆಗೆದುಕೊಂಡ ಕೆಲವರಲ್ಲಿ ಖಿನ್ನತೆ ಕಾಣಿಸಿಕೊಂಡ ವರದಿಗಳೂ ಬಂದವು. ಪರಂಪರೆ ಬೇರನ್ನು ತೋರಿಸಿತು, ಪರೀಕ್ಷೆ ಪ್ರಮಾಣವನ್ನೂ ಅಪಾಯವನ್ನೂ ತೋರಿಸಿತು. ಪರೀಕ್ಷೆಯಿಂದ ಪರಂಪರೆಯ ಮಾನ ಹೋಗಲಿಲ್ಲ, ಹೆಚ್ಚಿತು.

‘ಗಿಡಮೂಲಿಕೆ ತಾನೆ, ಅಡ್ಡ ಪರಿಣಾಮವಿಲ್ಲ’ ಎಂಬ ಮಾತು ನಮ್ಮಲ್ಲಿ ಗಾದೆಯಷ್ಟು ಚಲಾವಣೆಯಲ್ಲಿದೆ. ಮದ್ದಿನ ಗುಣವುಳ್ಳ ಯಾವ ವಸ್ತುವಿಗೂ ಆ ಭಾಗ್ಯವಿಲ್ಲ. ಇಂಟರ್ನೆಟ್ಟಿನಲ್ಲಿ ಮಾರುತ್ತಿದ್ದ 193 ಆಯುರ್ವೇದ ಉತ್ಪನ್ನಗಳನ್ನು ತರಿಸಿ ನೋಡಿದ 2008ರ ಅಮೆರಿಕನ್ ಅಧ್ಯಯನದಲ್ಲಿ ಐದರಲ್ಲೊಂದರಷ್ಟರಲ್ಲಿ ಸೀಸ, ಪಾದರಸ ಅಥವಾ ಆರ್ಸೆನಿಕ್ ಸಿಕ್ಕಿತು. ಕೋವಿಡ್ ಕಾಲದಲ್ಲಿ ಮನೆಮನೆಯ ಕಷಾಯವಾಗಿದ್ದ ಅಮೃತಬಳ್ಳಿ ಸೇವಿಸಿದ ಬಳಿಕ ಲಿವರ್ ತೊಂದರೆಯಾದ 43 ಮಂದಿಯನ್ನು ದೇಶದ 13 ಆಸ್ಪತ್ರೆಗಳ ವೈದ್ಯರು 2022ರಲ್ಲಿ ವರದಿ ಮಾಡಿದರು. ಆಯುಷ್ ಸಚಿವಾಲಯ ಈ ನಂಟನ್ನು ಒಪ್ಪಲಿಲ್ಲ. ಲಿವರ್ ಕಾಯಿಲೆಯಿರುವವರು ವೈದ್ಯರನ್ನು ಕೇಳದೆ ಕುಡಿಯಬಾರದೆನ್ನಲು ಮಾತ್ರ ಆ ವರದಿ ಸಾಕು. ಎಲ್ಲಕ್ಕಿಂತ ಕಠೋರವಾದದ್ದು ಯೇಲ್ ವಿಶ್ವವಿದ್ಯಾಲಯದವರು 2018ರಲ್ಲಿ ಕೊಟ್ಟ ಲೆಕ್ಕ. ಇನ್ನೂ ಹರಡದ, ಚಿಕಿತ್ಸೆಗೆ ಬಗ್ಗುವ ಹಂತದ ಕ್ಯಾನ್ಸರಿಗೆ ಬರೀ ಪರ್ಯಾಯ ಪದ್ಧತಿಯನ್ನೇ ನಂಬಿದ 281 ಮಂದಿಯಲ್ಲಿ ಸಾವಿನ ಸಂಭವ, ವೈದ್ಯಕೀಯ ಚಿಕಿತ್ಸೆ ಪಡೆದವರಿಗಿಂತ ಎರಡೂವರೆ ಪಟ್ಟು. ಸ್ತನ ಕ್ಯಾನ್ಸರಿನಲ್ಲಿ ಐದು ಪಟ್ಟಿಗೂ ಮೀರಿತ್ತು. ಕ್ಯಾನ್ಸರ್, ಮಧುಮೇಹ ಮೊದಲಾದವನ್ನು ಗುಣಪಡಿಸುತ್ತೇವೆಂದು ಜಾಹೀರಾತು ಕೊಡುವುದನ್ನು ನಮ್ಮ ದೇಶದಲ್ಲಿ 1954ರ ಕಾಯ್ದೆಯೇ ನಿಷೇಧಿಸಿದೆ. ಆದರೂ ವಾಟ್ಸ್ಆ್ಯಪ್‌ನಲ್ಲಿ ಅಂಥ ಜಾಹೀರಾತಿಗೆ ಬರವಿಲ್ಲ.

ಇನ್ನೊಂದು ದೂರಿಗೂ ಕಿವಿಗೊಡಬೇಕು: ಸ್ವಾಸ್ಥ್ಯವೆಂಬುದು ಈಗ ಉಳ್ಳವರ ಶೋಕಿ, ದಿನಕ್ಕೆ ಸಾವಿರಾರು ರೂಪಾಯಿಯ ರೆಸಾರ್ಟ್ ವ್ಯಾಪಾರ. ದೂರು ನಿಜ. ಸ್ವಾರಸ್ಯವೆಂದರೆ, ಗಟ್ಟಿ ಆಧಾರವಿರುವ ಭಾಗವೆಲ್ಲ ಅಗ್ಗದ್ದು: ನಿಧಾನವಾದ ಉಸಿರು, ನಡಿಗೆ, ಆಸನ, ಹೊತ್ತಿಗೆ ಸರಿಯಾದ ಊಟ, ಸಾಕಷ್ಟು ನಿದ್ದೆ. ದುಬಾರಿ ಭಾಗಕ್ಕೇ ಆಧಾರ ತೆಳು. ಇದಕ್ಕಿಂತ ಕೆಟ್ಟದ್ದು ‘ನಿನ್ನ ಮನಸ್ಸು ಸರಿಯಿಲ್ಲದ್ದಕ್ಕೇ ರೋಗ ಬಂತು’ ಎನ್ನುವ ಗುರುಗಳ ಮಾತು. ರಾತ್ರಿ ಪಾಳಿ, ಎರಡು ತಾಸಿನ ಟ್ರಾಫಿಕ್, ಸಾಲದ ಕಂತು, ಹೊಗೆ ತುಂಬಿದ ಗಾಳಿ ಕೂಡ ಮೈ ಕೆಡಿಸುತ್ತವೆ. ಕೂಲಿ ಕಡಿಮೆ ಕೊಟ್ಟು, ಕೆಲಸದ ಗಂಟೆ ಹೆಚ್ಚಿಸಿ, ತಿಂಗಳಿಗೊಮ್ಮೆ ಧ್ಯಾನ ಶಿಬಿರ ನಡೆಸುವ ಕಂಪನಿ ಉದ್ಯೋಗಿಯ ಆರೋಗ್ಯ ಕಾಪಾಡಿದಂತೆ ಆಗುವುದಿಲ್ಲ. ವ್ಯಕ್ತಿ ತನ್ನ ದಿನಚರಿಯನ್ನು ತಿದ್ದಿಕೊಳ್ಳಬಹುದು; ತನ್ನ ಕೈಯಲ್ಲಿಲ್ಲದ್ದರ ಪಾಪವನ್ನು ಅವನ ತಲೆಗೆ ಕಟ್ಟಬಾರದು.

ಹಾಗಾದರೆ ಸಾಮಾನ್ಯ ಓದುಗ ಮಾಡಬೇಕಾದ್ದೇನು? ಮೊದಲು ರೋಗ ಪತ್ತೆ, ಆಮೇಲೆ ಚಾಪೆ. ಮೂರು ವಾರಕ್ಕೂ ಹೋಗದ ಕೆಮ್ಮು, ಕಾರಣವಿಲ್ಲದೆ ಇಳಿಯುವ ತೂಕ, ಗಂಟು, ಎದೆನೋವು ಇವಕ್ಕೆ ಪ್ರಾಣಾಯಾಮ ಉತ್ತರವಲ್ಲ. ಪ್ರಕೃತಿ ಚಿಕಿತ್ಸೆಗೆ ಹೋಗುವುದಾದರೆ ಎದುರಿಗಿರುವವರ ವಿದ್ಯಾರ್ಹತೆ ಕೇಳಿ, ಬಿ.ಎನ್.ವೈ.ಎಸ್. ಎಂಬುದು ಐದೂವರೆ ವರ್ಷದ ಪದವಿ, ವಾರಾಂತ್ಯದ ಕೋರ್ಸ್ ಅಲ್ಲ. ಕುಡಿಯುವ ಕಷಾಯ, ನುಂಗುವ ಗುಳಿಗೆ ಎಲ್ಲವನ್ನೂ ನಿಮ್ಮ ಡಾಕ್ಟರಿಗೆ ಹೇಳಿ. ಒಂದೇ ಅಭ್ಯಾಸ ಹಿಡಿದು ಎರಡು ತಿಂಗಳು ಬಿಡದೆ ಮಾಡಿ. ನಿದ್ದೆ, ನೋವು, ಬಿ.ಪಿ.ಯಲ್ಲಿ ಆದ ಬದಲಾವಣೆ ಬರೆದಿಡಿ. ಗುಣ ಕಂಡರೆ ಮುಂದುವರಿಸಿ, ಕಾಣದಿದ್ದರೆ ಮುಲಾಜಿಲ್ಲದೆ ಬಿಡಿ. ಶುಗರ್ ಮಾತ್ರೆ ಕಡಿಮೆಯಾಗಬಹುದಾದರೆ ಅದನ್ನು ರಕ್ತ ಪರೀಕ್ಷೆ ನೋಡಿ ವೈದ್ಯರು ಹೇಳಲಿ. ‘ಇನ್ನು ಇನ್ಸುಲಿನ್ ನಿಲ್ಲಿಸಿಬಿಡಿ, ನಮ್ಮ ಮೇಲೆ ನಂಬಿಕೆಯಿಡಿ’ ಎನ್ನುವವರು ಎಷ್ಟೇ ಪ್ರಸಿದ್ಧರಾಗಿರಲಿ, ಅವರ ಬಾಗಿಲಿಂದ ಎದ್ದು ಬನ್ನಿ.