ಎಳೆ ಗುಲಾಬಿ ಗಿಡಕ್ಕೆ ಮೊದಲ ಕತ್ತರಿ

ನರ್ಸರಿಯಿಂದ ತಂದ ಗುಲಾಬಿ ಮೊದಲ ತಿಂಗಳು ಚೆನ್ನಾಗಿ ಹೂ ಬಿಡುತ್ತದೆ. ಆಮೇಲೆ ಎಲೆ ಕಡಿಮೆಯಾಗಿ, ಉದ್ದಕ್ಕೆ ಬೆಳೆದ ಎರಡು ಕಡ್ಡಿಗಳಷ್ಟೇ ಉಳಿಯುತ್ತವೆ. ಗೊಬ್ಬರ ಸಾಲದೇನೋ ಎಂದು ಇನ್ನಷ್ಟು ಸುರಿಯುತ್ತೇವೆ. ಎಷ್ಟೋ ಸಲ ಆ ಗಿಡಕ್ಕೆ ಬೇಕಿರುವುದು ಸರಿಯಾದ ಜಾಗದಲ್ಲಿ ಕತ್ತರಿ. ಆದರೆ ಬಲಿತ ಗಿಡವನ್ನು ಸವರುವಂತೆ ಎಳೆ ಗಿಡವನ್ನು ಸವರಬಾರದು. ಮೊದಲ ವರ್ಷದಲ್ಲಿ ಹೂವಿಗಿಂತ ಬೇರು, ಬುಡ ಗಟ್ಟಿಯಾಗುವುದೇ ಮುಖ್ಯ.

ಕತ್ತರಿಸಿದರೆ ಏನಾಗುತ್ತದೆ?

ರೆಂಬೆಯ ತುದಿಯ ಚಿಗುರಿನಲ್ಲಿ ಆಕ್ಸಿನ್ ಎಂಬ ಹಾರ್ಮೋನು ತಯಾರಾಗುತ್ತದೆ. ಅದು ಕೆಳಕ್ಕೆ ಇಳಿದು, ಕಾಂಡದ ಮೇಲಿರುವ ಕಣ್ಣುಗಳು ಚಿಗುರದಂತೆ ತಡೆಯುತ್ತದೆ. ತುದಿಯನ್ನು ಕತ್ತರಿಸಿದರೆ ಈ ತಡೆ ಸಡಿಲವಾಗಿ, ಅದರ ಕೆಳಗಿನ ಒಂದೆರಡು ಕಣ್ಣುಗಳು ಒಡೆಯುತ್ತವೆ. ಕಣ್ಣು ಯಾವ ಕಡೆಗೆ ಮುಖ ಮಾಡಿದೆಯೋ ಹೊಸ ರೆಂಬೆ ಆ ಕಡೆಗೇ ಹೊರಡುತ್ತದೆ. ಹಾಗಾಗಿ ಹೊರಮುಖದ ಕಣ್ಣನ್ನೇ ಆರಿಸಿಕೊಳ್ಳಬೇಕು. ಆಗ ಗಿಡದ ನಡುಭಾಗಕ್ಕೆ ಗಾಳಿ, ಬೆಳಕು ಸಿಗುತ್ತದೆ, ಎಲೆ ಬೇಗ ಒಣಗುತ್ತದೆ, ಶಿಲೀಂಧ್ರ ರೋಗಗಳೂ ಕಡಿಮೆ.

ಕಣ್ಣು ಎಲ್ಲಿದೆ?

ಎಲೆಯ ತೊಟ್ಟು ಕಾಂಡಕ್ಕೆ ಸೇರುವ ಸಂದಿಯನ್ನು ಹತ್ತಿರದಿಂದ ನೋಡಿ. ರಾಗಿ ಕಾಳಿನಷ್ಟು ದೊಡ್ಡ, ನಸುಗೆಂಪು ಉಬ್ಬು ಕಾಣುತ್ತದೆ. ಎಲೆ ಉದುರಿದ ಕಡೆ ಕಾಂಡದ ಮೇಲೆ ಅಡ್ಡಗೆರೆ ಉಳಿದಿರುತ್ತದೆ, ಕಣ್ಣು ಅದರ ಮೇಲೇ ಇರುತ್ತದೆ. ಈ ಕಣ್ಣಿಗಿಂತ ಅರ್ಧ ಸೆಂ.ಮೀ. ಮೇಲೆ, ಸುಮಾರು 45 ಡಿಗ್ರಿ ಓರೆಯಾಗಿ ಕತ್ತರಿಸಿ. ಇಳಿಜಾರು ಕಣ್ಣಿನ ವಿರುದ್ಧ ದಿಕ್ಕಿಗಿದ್ದರೆ ನೀರು ಕಣ್ಣಿನ ಮೇಲೆ ಇಳಿಯುವುದಿಲ್ಲ. ತೀರಾ ಮೇಲೆ ಕತ್ತರಿಸಿದರೆ ಉಳಿದ ತುಂಡು ಒಣಗುತ್ತದೆ, ತೀರಾ ಹತ್ತಿರ ಕತ್ತರಿಸಿದರೆ ಕಣ್ಣೇ ಒಣಗುತ್ತದೆ.

ಕತ್ತರಿಸಿದ ಮೇಲೆ ಕಾಂಡದ ತಿರುಳನ್ನು ಗಮನಿಸಿ. ಬೆಳ್ಳಗೆ ಅಥವಾ ತಿಳಿಹಸಿರಾಗಿದ್ದರೆ ಕಾಂಡ ಆರೋಗ್ಯವಾಗಿದೆ. ಕಂದು ಬಣ್ಣ ಕಂಡರೆ, ಆರೋಗ್ಯದ ತಿರುಳು ಸಿಗುವವರೆಗೆ ಕೆಳಗಿನ ಕಣ್ಣಿಗೆ ಇಳಿಯಿರಿ.

ಮೊದಲ ವರ್ಷ ಎಷ್ಟು ಸವರಬೇಕು?

ಗಿಡ ನೆಟ್ಟ ಮೊದಲ ತಿಂಗಳುಗಳಲ್ಲಿ ಒಣಗಿದ, ರೋಗ ತಗುಲಿದ, ಒಂದಕ್ಕೊಂದು ಉಜ್ಜುವ ಕಡ್ಡಿಗಳನ್ನಷ್ಟೇ ತೆಗೆಯಿರಿ. ಎಲೆಗಳೇ ಗಿಡದ ಆಹಾರ ತಯಾರಿಸುವುದರಿಂದ, ಬೇರು ಹಿಡಿಯದ ಗಿಡವನ್ನು ಬೋಳಿಸಿದರೆ ಅದು ಸೊರಗುತ್ತದೆ. ಮೊದಲು ಬರುವ ಮೊಗ್ಗುಗಳನ್ನು ಎಳೆಯದರಲ್ಲೇ ಚಿವುಟಿದರೆ ಶಕ್ತಿ ಹೊಸ ರೆಂಬೆಗಳಿಗೆ ಹೋಗುತ್ತದೆ. ಮುಂದೆ ಹೂ ಬಾಡಿದಾಗ, ಬರೀ ಹೂವನ್ನು ಕೀಳದೆ, ಐದೆಸಳಿನ ಎಲೆಯಿರುವ ಮೊದಲ ಗೆಣ್ಣಿನ ಮೇಲಕ್ಕೆ ಕತ್ತರಿಸಿ.

ಗಿಡ ಚೆನ್ನಾಗಿ ಬೇರೂರಿದ ಮೇಲೆ ಮೊದಲ ದೊಡ್ಡ ಸವರುವಿಕೆ ಮಾಡಬಹುದು. ದಪ್ಪನೆಯ ಮೂರು-ನಾಲ್ಕು ರೆಂಬೆಗಳನ್ನು ಉಳಿಸಿಕೊಂಡು, ಅವುಗಳ ಉದ್ದದಲ್ಲಿ ಮೂರನೇ ಒಂದು ಭಾಗ ತೆಗೆಯಿರಿ. ಬೆಂಗಳೂರಿನ ಸುತ್ತಮುತ್ತ ಜೂನ್ ಮತ್ತು ನವೆಂಬರ್ ಇದಕ್ಕೆ ರೂಢಿಯ ತಿಂಗಳುಗಳು. ಸವರಿದ ಸುಮಾರು 45-50 ದಿನಗಳಲ್ಲಿ ಹೂ ಬರುವುದರಿಂದ, ನವೆಂಬರ್ ಕೊನೆಯಲ್ಲಿ ಸವರಿದ ಗಿಡ ಸಂಕ್ರಾಂತಿಯ ಹೊತ್ತಿಗೆ ಅರಳುತ್ತದೆ. ಮಲೆನಾಡು, ಕರಾವಳಿಯಲ್ಲಿ ಜಡಿಮಳೆ ನಿಂತ ಮೇಲೆಯೇ ಕತ್ತರಿ ಹಿಡಿಯಿರಿ. ಹಸಿ ಗಾಯದ ಮೇಲೆ ನೀರು ನಿಂತರೆ ಶಿಲೀಂಧ್ರ ಒಳಹೊಗುತ್ತದೆ.

ಬಳ್ಳಿ ಗುಲಾಬಿಗೆ ಈ ಕ್ರಮ ಬೇಡ. ಅದರ ಉದ್ದನೆಯ ಕಾಂಡಗಳಿಂದಲೇ ಹೂ ಬಿಡುವ ಕವಲುಗಳು ಹೊರಡುವುದರಿಂದ, ಮೊದಲೆರಡು ವರ್ಷ ಒಣಗಿದ ಭಾಗ ತೆಗೆದು, ಕಾಂಡಗಳನ್ನು ಬಾಗಿಸಿ ಕಟ್ಟಿದರೆ ಸಾಕು.

ಬುಡದ ಚಿಗುರು

ನರ್ಸರಿಯ ಗುಲಾಬಿಗಳಲ್ಲಿ ಹೆಚ್ಚಿನವು ಕಸಿ ಗಿಡಗಳು. ಬುಡದ ಹತ್ತಿರ ಕಾಣುವ ಗಂಟೇ ಕಸಿಯ ಜಾಗ. ಗಂಟಿನ ಕೆಳಗಿನಿಂದ ಬರುವ ಚಿಗುರು ನೀವು ಆರಿಸಿ ತಂದ ತಳಿಯದ್ದಲ್ಲ, ಕೆಳಗಿನ ಕಾಡು ಗುಲಾಬಿಯದು. ಅದರ ಎಲೆ, ಮುಳ್ಳು ಸಾಮಾನ್ಯವಾಗಿ ಬೇರೆಯಾಗಿರುತ್ತವೆ. ಬಿಟ್ಟರೆ ಹುಲುಸಾಗಿ ಬೆಳೆದು ಕಸಿಯ ಭಾಗವನ್ನೇ ಸೊರಗಿಸುತ್ತದೆ. ಮಣ್ಣು ಸರಿಸಿ, ಹುಟ್ಟಿದ ಜಾಗದಿಂದಲೇ ಕಿತ್ತುಬಿಡಿ. ಗಂಟಿನ ಮೇಲಿನಿಂದ ಬರುವ ಕೆಂಪು, ದಪ್ಪ ಚಿಗುರು ಮಾತ್ರ ಗಿಡದ ಆಸ್ತಿ. ಅದನ್ನು ಮುಟ್ಟಬೇಡಿ.

ಸವರಿದ ಮೇಲೆ

ಕತ್ತರಿ ಹರಿತವಾಗಿರಲಿ, ಒಂದು ಗಿಡದಿಂದ ಇನ್ನೊಂದಕ್ಕೆ ಹೋಗುವಾಗ ಅಲಗನ್ನು ಸ್ಪಿರಿಟ್‌ನಿಂದ ಒರೆಸಿ. ಕತ್ತರಿಸಿದ ತುದಿಗಳಿಗೆ ಬೋರ್ಡೊ ಪೇಸ್ಟ್ ಅಥವಾ ನೀರಿನಲ್ಲಿ ಕಲಸಿದ ಕಾಪರ್ ಆಕ್ಸಿಕ್ಲೋರೈಡ್ ಹಚ್ಚಿದರೆ, ತುದಿಯಿಂದ ಕೆಳಕ್ಕೆ ಕಪ್ಪಾಗುತ್ತಾ ಬರುವ ಡೈಬ್ಯಾಕ್ ರೋಗ ತಡೆಯಬಹುದು. ಉದುರಿದ ಎಲೆ, ಕಡ್ಡಿಗಳನ್ನು ಕುಂಡದಲ್ಲಿ ಬಿಡಬೇಡಿ. ಕಣ್ಣುಗಳು ಉಬ್ಬತೊಡಗಿದಾಗ ಕೊಟ್ಟಿಗೆ ಗೊಬ್ಬರವನ್ನೋ ಎರೆಗೊಬ್ಬರವನ್ನೋ ಕೊಡಿ.

ಕತ್ತರಿ ಹಿಡಿಯಲು ಹೆದರಿ ಗಿಡವನ್ನು ಹಾಗೆಯೇ ಬಿಡಬೇಡಿ. ಒಣಗಿದ ಒಂದು ಕಡ್ಡಿಯಿಂದ ಆರಂಭಿಸಿ, ಪ್ರತಿ ಸಲವೂ ಕಣ್ಣನ್ನು ಹುಡುಕಿದ ಮೇಲೆಯೇ ಕತ್ತರಿಸಿ.