ಬಿಳುಪಿನ ಬೆಲೆ

‘ಹುಡುಗಿ ಕೊಂಚ ಕಪ್ಪು’ ಎಂಬ ಒಂದೇ ಮಾತಿನಿಂದ ವಧುಪರೀಕ್ಷೆಯ ಕೇಸರಿಬಾತು ಕಹಿಯಾದ ಮನೆಗಳು ನಮ್ಮಲ್ಲಿ ಎಷ್ಟೋ. ಬೆಳ್ಳಗಾಗಿಸುವ ಕ್ರೀಮುಗಳ ವ್ಯಾಪಾರ ಬೆಳೆದದ್ದು ಈ ಕಹಿಯಿಂದಲೇ.

ಕಡಲೆಹಿಟ್ಟು, ಅರಿಶಿನ, ಗಂಧದ ಪಕ್ಕದಲ್ಲಿ ಡಬ್ಬಿಯ ‘ಸ್ನೋ’ ಬಂದು ಕುಳಿತು ನೂರು ವರ್ಷ ದಾಟಿತು. ಮುಂಬಯಿಯ ಇ. ಎಸ್. ಪಾಟಣವಾಲಾ 1919ರಲ್ಲಿ ‘ಅಫ್ಘಾನ್ ಸ್ನೋ’ ತಂದರು. 1975ರಲ್ಲಿ ‘ಫೇರ್ ಅಂಡ್ ಲವ್ಲಿ’ ಬಂತು. ಬಿಳುಪೇ ಅದರ ಭರವಸೆ. ವರ್ಣಭೇದದ ವಿರುದ್ಧ ಜಗತ್ತಿನ ಹಲವೆಡೆ ದನಿ ಎದ್ದ 2020ರಲ್ಲಿ ಅದು ‘ಗ್ಲೋ ಅಂಡ್ ಲವ್ಲಿ’ ಆಯಿತು. ಹೆಸರೇನೋ ಬದಲಾಯಿತು, ಕೊಳ್ಳುವವರ ಆಸೆ ಬದಲಾಗಲಿಲ್ಲ.

ಹಾಗೆಂದು ಎಲ್ಲ ಕಾಂತಿವರ್ಧಕಗಳೂ ಕೆಟ್ಟವಲ್ಲ. ಚಳಿಗೆ ಬಿರಿದ ಚರ್ಮಕ್ಕೆ ವ್ಯಾಸಲೀನ್ ಹಚ್ಚಿದರೆ ಒಳಗಿನ ತೇವ ಆರದೆ ಉಳಿಯುತ್ತದೆ. ಸನ್‌ಸ್ಕ್ರೀನ್ ಸೂರ್ಯನ ಅತಿನೇರಳೆ ಕಿರಣಗಳನ್ನು ತಡೆದು, ಚರ್ಮ ಬೇಗ ಸುಕ್ಕುಗಟ್ಟುವುದನ್ನು ತಗ್ಗಿಸುತ್ತದೆ. ಇವು ಚರ್ಮವನ್ನು ಕಾಯುವಂಥವು.

ಅಪಾಯ ಇರುವುದು ಬಣ್ಣ ತೆಗೆಯುವ ಹಟದಲ್ಲಿ. ಚರ್ಮಕ್ಕೆ ಬಣ್ಣ ಕೊಡುವ ಮೆಲನಿನ್, ಬಿಸಿಲಿಗೆ ದೇಹ ತಾನೇ ಹಿಡಿದ ಕೊಡೆ. ಕೆಲವು ಕ್ರೀಮುಗಳಿಗೆ ಬೆರೆಸುವ ಪಾದರಸ ಈ ಮೆಲನಿನ್ ತಯಾರಾಗುವುದನ್ನೇ ತಡೆಯುತ್ತದೆ. ಮುಖ ಬೆಳ್ಳಗಾಗುವುದು ನಿಜ. ಆದರೆ ಪಾದರಸ ಚರ್ಮದ ಮೂಲಕ ರಕ್ತಕ್ಕಿಳಿದು ಮೂತ್ರಪಿಂಡ, ನರಮಂಡಲಗಳಿಗೆ ಪೆಟ್ಟು ಕೊಡುತ್ತದೆ. ಕೇರಳದ ಮಲಪ್ಪುರಂ ಜಿಲ್ಲೆಯಲ್ಲಿ ಮೂತ್ರಪಿಂಡದ ತೊಂದರೆಯಿಂದ ಆಸ್ಪತ್ರೆಗೆ ಬಂದ ಹಲವರು ಇಂಥ ಕ್ರೀಮು ಬಳಸಿದ್ದ ಸಂಗತಿ 2023ರಲ್ಲಿ ಬೆಳಕಿಗೆ ಬಂತು. 2013ರ ಮಿನಮಾಟಾ ಅಂತರರಾಷ್ಟ್ರೀಯ ಒಪ್ಪಂದ ಪಾದರಸಕ್ಕೆ ಹತ್ತು ಲಕ್ಷದಲ್ಲಿ ಒಂದು ಪಾಲಿನ ಮಿತಿ ಹಾಕಿತ್ತು. ಆದರೂ ತಯಾರಕರ ವಿಳಾಸವಿಲ್ಲದ ಡಬ್ಬಿಗಳು ಅಂಗಡಿ ಸೇರುತ್ತಲೇ ಇವೆ.

ಇನ್ನೊಂದು ಅಪಾಯ ಸ್ಟೀರಾಯ್ಡ್ ಮುಲಾಮು. ಇಸುಬಿಗೆ ವೈದ್ಯರು ಕೆಲವು ದಿನಕ್ಕೆಂದು ಬರೆಯುವ ಔಷಧ ಇದು. ಬಿಳುಪಿನ ಆಸೆಗೆ ತಿಂಗಳುಗಟ್ಟಲೆ ಹಚ್ಚಿದರೆ ಚರ್ಮ ತೆಳುವಾಗಿ ರಕ್ತನಾಳ ಕಾಣಿಸತೊಡಗುತ್ತದೆ. ಮೊಡವೆ, ರೋಮ ಹೆಚ್ಚುತ್ತವೆ. ಬಿಟ್ಟರೆ ಮುಖ ಕೆಂಪಾಗಿ ಉರಿಯುತ್ತದೆ. ಆ ಉರಿಗೆ ಹೆದರಿ ಮತ್ತೆ ಅದನ್ನೇ ಹಚ್ಚುತ್ತಾರೆ. 2018ರಲ್ಲಿ ಕೇಂದ್ರ ಸರಕಾರ ಇಂಥ 14 ಔಷಧಗಳನ್ನು ವೈದ್ಯರ ಚೀಟಿಯಿಲ್ಲದೆ ಮಾರದಂತೆ ನಿಯಮ ಬಿಗಿಗೊಳಿಸಿತು.

ಕೊಳ್ಳುವ ಮುನ್ನ ಡಬ್ಬಿಯ ಮೇಲೆ ತಯಾರಕರ ವಿಳಾಸ, ಪರವಾನಗಿ ಸಂಖ್ಯೆ, ಘಟಕಗಳ ಪಟ್ಟಿ ಇದೆಯೇ ನೋಡಬೇಕು. ಹೊಸ ಕ್ರೀಮನ್ನು ಮೊದಲು ಮೊಣಕೈಯ ಒಳಭಾಗಕ್ಕೆ ಹಚ್ಚಿ, ತುರಿಕೆ ಬಾರದಿದ್ದರಷ್ಟೇ ಮುಖಕ್ಕೆ ಬಳಸುವುದು ಲೇಸು. ವಾರದಲ್ಲೇ ಬಿಳುಪು ಎಂದು ಹೇಳುವ ಡಬ್ಬಿಯನ್ನು ಅಂಗಡಿಯಲ್ಲೇ ಬಿಟ್ಟುಬರಬೇಕು. ಹೆಣ್ಣು ನೋಡಲು ಹೋದ ಹಿರಿಯರೂ ಆ ಒಂದು ಮಾತನ್ನು ಬಿಟ್ಟುಬಂದರೆ ಇನ್ನೂ ಒಳ್ಳೆಯದು.